ಮಗ್ಗದ ಗುಂಡಿಯ ಮೇಲೊಂದು ಅಮೆರಿಕದ ಕಾರು

ಮಾಂಬಳ್ಳಿಯ ಒಂದು ಮದುವೆ ಮನೆಗೆ ಸೀರೆ ತೋರಿಸಿ ಬರುತ್ತೇನೆಂದು ಹೋದ ನಮ್ಮ ಯಜಮಾನರು ಸಂಜೆ ಕಾರು ತಂದರು. ತಂದರು ಅನ್ನುವುದು ಗಂಡನ ಮರ್ಯಾದೆ ಉಳಿಸಲು ಆಡಿದ ಮಾತು. ಮುಂದೆ ಟ್ರ್ಯಾಕ್ಟರು ಎಳೆಯುತ್ತಿತ್ತು. ಇವರು ಹಿಂದೆ ಕಾರಿನೊಳಗೆ ಕೂತು, ಸ್ಟಿಯರಿಂಗ್ ಹಿಡಿದು, ತಾವೇ ಓಡಿಸಿಕೊಂಡು ಬಂದವರ ಹಾಗೆ ಆ ಕಡೆ ಈ ಕಡೆ ನೋಡಿ ನಗುತ್ತಿದ್ದರು. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಎರಡು ಆಟೋ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಅಲ್ಲಿಗೆ ಅಷ್ಟುದ್ದದ ಕಾರು ನುಗ್ಗಿದ್ದಕ್ಕೆ ಮನೆಮನೆಯ ಮಗ್ಗ ನಿಂತು ಎಲ್ಲರೂ ಬಾಗಿಲಿಗೆ ಬಂದರು.

"ಏನ್ರೀ ಇದು?" ಅಂದೆ.

"ಅಮೇರಿಕಾದ್ದು ಕಣಮ್ಮಿ."

"ಸೀರೆ ಏನಾಯ್ತು?"

"ಅವ್ರಿಗೆ ಅಂಚು ಇಷ್ಟ ಆಗ್ನಿಲ್ಲ. ಇದು ಅವ್ರ ಕೊಟ್ಟಿಗೇಲಿ ನಿಂತಿತ್ತು. ಪಾಪ, ಒಳಗೆ ಕೋಳಿ ಕಾವಿಗೆ ಕೂತಿತ್ತು."

ಪಾಪ ಅಂದಿದ್ದು ಕಾರಿಗೆ. ಕೋಳಿಗಲ್ಲ, ನನಗಂತೂ ಅಲ್ಲವೇ ಅಲ್ಲ. ಅಮೆರಿಕದ ಕಾರು ಮಾಂಬಳ್ಳಿಯ ಕೊಟ್ಟಿಗೆಗೆ ಹೇಗೆ ಬಂತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಪುರಾಣ. ಬಿಳಿಗಿರಿರಂಗನ ಬೆಟ್ಟದ ಯಾವುದೋ ಕಾಫಿ ತೋಟದ ದೊರೆ ಬಿಟ್ಟು ಹೋದದ್ದು ಅಂತ ಒಬ್ಬರು, ಸಿನಿಮಾದವರು ಶೂಟಿಂಗಿಗೆ ತಂದು ಕೆಟ್ಟ ಮೇಲೆ ಬಿಟ್ಟದ್ದು ಅಂತ ಇನ್ನೊಬ್ಬರು. ಬಿಟ್ಟು ಹೋದರು ಅನ್ನುವಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ಅಷ್ಟು ಜನ ಬುದ್ಧಿವಂತರು ಬಿಟ್ಟು ಹೋದದ್ದನ್ನು ಎತ್ತಿಕೊಂಡು ಬರಲು ನಮ್ಮ ಮನೆಯವರೇ ಬೇಕಾಯಿತು.

ಈಗ ಅದನ್ನು ನಿಲ್ಲಿಸುವುದೆಲ್ಲಿ? ನಮ್ಮ ಮನೆಯಲ್ಲಿ ಬೀದಿಗೆ ಅಗಲವಾದ ಬಾಗಿಲಿರುವುದು ಮುಂದಿನ ಹಜಾರಕ್ಕೆ. ಆ ಹಜಾರದಲ್ಲಿ ನನ್ನ ಮಗ್ಗವಿತ್ತು. ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ಪಾದದಲ್ಲಿ ತುಳಿಯುತ್ತ ಮೇಲೆ ಕೈಯಲ್ಲಿ ಲಾಳಿ ಹೊಡೆಯುವುದು. ನಮ್ಮತ್ತೆ ಕೂತಿದ್ದ ಜಾಗ. ಅವರು ಹೋದ ಮೇಲೆ ನಾನು ಕೂತೆ. ಇವರು ಎಂದೋ ನೇಯುವುದು ಬಿಟ್ಟು ಸೀರೆ ಹೊತ್ತು ಅಂಗಡಿ ತಿರುಗುತ್ತಿದ್ದರು, ಹಾಗಾಗಿ ಆ ಮಗ್ಗ ನನ್ನೊಬ್ಬಳದೇ ಆಗಿತ್ತು. ಅಡುಗೆಮನೆ ಎಲ್ಲರದು, ಮಲಗುವ ಕೋಣೆಗೆ ನೆಂಟರು ಬರುತ್ತಿದ್ದರು, ಆದರೆ ಆ ಗುಂಡಿಯಲ್ಲಿ ಕೂತಾಗ ನನ್ನನ್ನು ಯಾರೂ ಏಳಿಸುತ್ತಿರಲಿಲ್ಲ.

"ಒಂದಾರು ತಿಂಗ್ಳು ಅಷ್ಟೇ ಕಣಮ್ಮಿ," ಅಂದರು ಇವರು. "ಬಿಚ್ಚಿಟ್ಟಿರಾವು. ನೋಡು, ದೇವ್ರು ಹೆಂಗ್ ಕೂಡಿಸ್ತಾನೆ. ಗ್ಯಾರೇಜ್‌ನೋರು ಕಾರ್ ಕೆಳಗೆ ಇಳಿಯೋಕೆ ಅಂತ ಗುಂಡಿ ತೋಡಿಸ್ತಾರೆ. ನಮ್ಮನೇಲಿ ಆಗ್ಲೇ ರೆಡಿ ಅದೆ!"

ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದರು. ಮಗ್ಗದ ಮರಗಳು ಅಟ್ಟ ಸೇರಿದವು. ಅತ್ತೆಯವರ ಗುಂಡಿಯನ್ನು ಇನ್ನಷ್ಟು ಉದ್ದ ತೋಡಿಸಿ, ಅದರ ಮೇಲೆ ಕಾರು ನಿಲ್ಲಿಸಿ, ಇವರು ಒಳಗಿಳಿದರು. ಇಳಿದವರು ಕೆಲವು ವರ್ಷ ಮೇಲೆ ಬರಲಿಲ್ಲ. ಊಟಕ್ಕೆ ಕರೆದರೆ ಚಕ್ರದ ಪಕ್ಕದಿಂದ ಒಂದು ಕೈ ಹೊರಗೆ ಬರುತ್ತಿತ್ತು. ಅದಕ್ಕೆ ರೊಟ್ಟಿ ಕೊಟ್ಟರೆ ಒಳಕ್ಕೆ ಹೋಗುತ್ತಿತ್ತು. ಗಂಡನ ಮುಖ ನೋಡಬೇಕಾದರೆ ನಾನು ನೆಲಕ್ಕೆ ಬಗ್ಗಬೇಕಿತ್ತು. ಪತಿವ್ರತೆ ಅಂದರೆ ಹೀಗಿರಬೇಕು ಅಂತ ಎದುರು ಮನೆಯವರು ಮೆಚ್ಚಿಕೊಂಡಿರಬಹುದು.

ಎಂಜಿನ್ನು ಟ್ರ್ಯಾಕ್ಟರ್ ರಿಪೇರಿಯವರ ಕೈಯಲ್ಲಿ ಒಂದಿಷ್ಟು, ಕೊಯಮತ್ತೂರಿನವರ ಕೈಯಲ್ಲಿ ಒಂದಿಷ್ಟು, ಇವರ ಹಟದಲ್ಲಿ ಉಳಿದಷ್ಟು ಸರಿಹೋಯಿತು. ಬಣ್ಣದ ವಿಷಯಕ್ಕೆ ಬಂದಾಗ ನೇಕಾರನ ರಕ್ತ ಎಚ್ಚೆತ್ತಿತು. ಇವರು ರೇಷ್ಮೆಯ ಎರಡು ಲಡಿ ಹಿಡಿದುಕೊಂಡು ಪೇಂಟಿನವನ ಹತ್ತಿರ ಹೋದರು, ಒಂದು ನೀಲಿ, ಒಂದು ಹಸಿರು. ನವಿಲುಗತ್ತಿನ ಬಣ್ಣ ಬೇಕು, ಈ ಕಡೆಯಿಂದ ನೋಡಿದರೆ ನೀಲಿ ಕಾಣಬೇಕು, ಆ ಕಡೆಯಿಂದ ನೋಡಿದರೆ ಹಸಿರು ಕಾಣಬೇಕು.

"ಉದ್ದಕ್ಕೆ ಹಾಸು ನೀಲಿ ಬುಡು, ಅಡ್ಡಕ್ಕೆ ಹೊಕ್ಕು ಹಸಿರು ಬುಡು. ಅದೇನ್ ಕಷ್ಟ?" ಅಂದರಂತೆ.

"ಸಾ, ಇದು ಪೇಂಟು ಕಣ್ ಸಾ, ಸೀರೆ ಅಲ್ಲ," ಅಂದನಂತೆ ಅವನು.

ಇವರು ಕೇಳಲಿಲ್ಲ. ನೀಲಿಯ ಮೇಲೆ ಹಸಿರು, ಹಸಿರಿನ ಮೇಲೆ ನೀಲಿ ಹೊಡೆಸಿದರು. ಕೊನೆಗೆ ಒಣಗಿದಾಗ ಬೇಸಿಗೆಯಲ್ಲಿ ಕೆರೆಯ ತಳದಲ್ಲಿ ಉಳಿಯುವ ಪಾಚಿ ನೀರಿನ ಬಣ್ಣ ಬಂತು. ಇವರು ಮಾತ್ರ ಅದರ ಸುತ್ತ ಅರ್ಧ ಬಗ್ಗಿಕೊಂಡು ತಿರುಗಿ, "ಇಲ್ಲಿಂದ ನೋಡು, ಇಲ್ಲಿಂದ ಕಾಣ್ತದೆ," ಅನ್ನುತ್ತಿದ್ದರು.

ಸೀಟಿನ ಕಥೆ ಕೇಳಿ. ಕೋಳಿ ಕೂತೆದ್ದ ಸೀಟು ಹರಿದಿತ್ತಲ್ಲ, ಅದಕ್ಕೆ ಹೊದಿಸಲು ನನ್ನ ಆ ಅರ್ಧ ನೇಯ್ದ ಸೀರೆ ತೆಗೆದರು. ಅರಿಶಿನದ ಒಡಲು, ಕುಂಕುಮದ ಬಣ್ಣದ ಅಂಚು, ಅಪ್ಪಟ ಜರಿ. ಯಾವುದೋ ಮದುಮಗಳು ಉಡಬೇಕಾದದ್ದನ್ನು ಕಾರು ಉಟ್ಟುಕೊಂಡಿತು. ಆದರೆ ರೇಷ್ಮೆಯ ಮೇಲೆ ಚಪ್ಪಲಿಗಾಲಲ್ಲಿ ಕೂರಲು ನಮ್ಮವರಿಗೆ ಮನಸ್ಸು ಬರುವುದುಂಟೆ? ಮೊದಲನೆಯ ಸಲ ಬೀದಿಯ ಹಿರಿಯರನ್ನು ಹನೂರಿಗೆ ಕರೆದುಕೊಂಡು ಹೋದಾಗ ಅವರು ದೇವಸ್ಥಾನಕ್ಕೆ ಹೊಕ್ಕ ಹಾಗೆ ಚಪ್ಪಲಿಯನ್ನು ನಮ್ಮ ಬಾಗಿಲಲ್ಲಿ ಸಾಲಾಗಿ ಬಿಟ್ಟು ಹತ್ತಿದರು. ಹನೂರಿನ ಬಸ್‌ಸ್ಟ್ಯಾಂಡಿನ ಮುಂದೆ ಇಳಿದಾಗ ಉರಿಬಿಸಿಲು, ಕಾದ ಟಾರು. ದೊಡ್ಡ ಅಮೆರಿಕದ ಕಾರಿನಿಂದ ನಾಲ್ಕು ಜನ ಹಿರಿಯರು ಇಳಿದು, ಬರಿಗಾಲಲ್ಲಿ ಹಾರಿ ಹಾರಿ ಚಪ್ಪಲಿ ಅಂಗಡಿಗೆ ಓಡಿದರು.

ಇಷ್ಟರ ಮೇಲೆ ನನ್ನ ಕೆಲಸದ ವಿಚಾರ. ಆ ಕಾರಿಗೆ ಸ್ಟಿಯರಿಂಗ್ ಎಡಗಡೆ. ಅಮೆರಿಕದವರು ರಸ್ತೆಯ ಬಲಕ್ಕೆ ಹೋಗುತ್ತಾರಂತೆ, ಅವರಿಗದು ಸರಿ. ಇಲ್ಲಿ ಹನೂರು ರಸ್ತೆಯಲ್ಲಿ ಮುಂದೊಂದು ಬಸ್ಸು ಅಡ್ಡ ಬಂದರೆ ಎಡಕ್ಕೆ ಕೂತ ಇವರಿಗೆ ಕಾಣುವುದು ಬಸ್ಸಿನ ಬೆನ್ನು, ಅದರ ಮೇಲಿನ ಗುಟ್ಕಾ ಕಲೆ, ಅಷ್ಟೇ. ಎದುರಿನಿಂದ ಯಾರು ಬರುತ್ತಿದ್ದಾರೆ ಅಂತ ಬಲಗಡೆ ಕೂತವರೇ ನೋಡಿ ಹೇಳಬೇಕು. ಆ ಬಲಗಡೆಯಲ್ಲಿ ಕೂರಲು ಸಂಬಳವಿಲ್ಲದ ಆಳು ಬೇಕಿತ್ತು. ಹೆಂಡತಿ ಸಿಕ್ಕಳು.

ನಾನು ಕಿಟಕಿಯಿಂದ ಕತ್ತು ಹೊರಗೆ ಚಾಚಿ ನೋಡುವುದು. "ತಾಳಿ" ಅಂದರೆ ಇವರು ತಾಳುವುದು. "ಹೋಗಿ" ಅಂದರೆ ಹೋಗುವುದು. ನೋಡುವವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಡ್ರೈವರ್ ಇರಬೇಕಾದ ಜಾಗದಲ್ಲಿ ಹೆಂಗಸೊಬ್ಬಳು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಾಳೆ, ಕಾರು ಭರ್ರನೆ ಹೋಗುತ್ತಿದೆ. ಧನಗೆರೆಯ ಹತ್ತಿರ ದನ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ನೋಡಿ, ಪಕ್ಕದವನನ್ನು ಹಿಡಿದುಕೊಂಡು ಕೂಗಿದ್ದು ಇನ್ನೂ ಕಿವಿಯಲ್ಲಿದೆ. "ಅಯ್ಯಯ್ಯಪ್ಪೋ, ಆ ಯಮ್ಮ ಕೈ ಬುಟ್ಬುಟ್ಟು ಓಡುಸ್ತಾವ್ಳೆ ಕಣ್ಲಾ!" ಒಂದು ಸಲ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವರು ನೇರ ನನ್ನ ಕಿಟಕಿಗೆ ಬಂದು ಲೈಸೆನ್ಸ್ ಕೇಳಿದರು. ನಾನು ಗಂಡನ ಕಡೆ ಕೈ ತೋರಿಸಿದೆ. ಲೈಸೆನ್ಸ್ ಕೇಳಿದರೆ ಗಂಡನನ್ನು ತೋರಿಸುತ್ತಾಳಲ್ಲ ಅಂತ ಅವರು ಅರೆಗಳಿಗೆ ನನ್ನನ್ನೇ ನೋಡಿದರು.

ನಗುವ ವಿಷಯ ಬಿಡಿ, ಒಳಗೊಳಗೆ ನನ್ನ ಹೊಟ್ಟೆ ಉರಿಯುತ್ತಿತ್ತು. ಬೀದಿಯಲ್ಲಿ ಉಳಿದಿರುವ ಮಗ್ಗಗಳೇ ಕೆಲವು. ಬೆಳಗಾದರೆ ಆ ಮನೆಗಳಿಂದ ಟಕ್ ಟಕ್ ಸದ್ದು ಬರುತ್ತಿತ್ತು, ನಾನು ಹಜಾರದಲ್ಲಿ ನಿಂತು ಪಾಚಿ ಬಣ್ಣದ ಕಾರಿನ ಧೂಳು ಒರೆಸುತ್ತಿದ್ದೆ. ಆರು ತಿಂಗಳೆಂದವರು ವರ್ಷಗಳನ್ನು ನುಂಗಿ ನೀರು ಕುಡಿದಿದ್ದರು. ನನಗೆ ಕನ್ನಡಕದ ನಂಬರು ಏರುತ್ತಿತ್ತು. ರೇಷ್ಮೆ ಎಳೆ ಕಣ್ಣಿಗೆ ಸಿಕ್ಕುವಷ್ಟು ದಿನವೇ ನೇಕಾರಿಕೆ, ಆಮೇಲೆ ಮಗ್ಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಣ್ಣು ಪೂರ್ತಿ ಮಂಜಾಗುವ ಮೊದಲು ಮತ್ತೆ ಆ ಗುಂಡಿಯಲ್ಲಿ ಕೂರಬೇಕು. ನನಗೆ ಬೇಕಾಗಿದ್ದು ಅದೊಂದೇ.

ಒಂದು ದಿನ ಊಟದ ತಟ್ಟೆ ಇಟ್ಟು ಹೇಳಿಯೇಬಿಟ್ಟೆ. "ನೋಡಿ, ಈ ಕಾರು ಮಾರಿ. ನನ್ ಮಗ್ಗ ಕೆಳಗಿಳಿಬೇಕು. ಇಲ್ದಿದ್ರೆ ನಾನು ಆ ಸೀಟಲ್ಲಿ ಇನ್ ಕೂರಲ್ಲ. ನೀವುಂಟು, ಬಸ್ಸಿನ ಬೆನ್ನುಂಟು."

ಇವರು ಸಾರು ಕಲಸಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ಸಾರಿಗೆ ಉಪ್ಪಿಲ್ಲ," ಅಂದರು.

"ಉಪ್ಪದೆ."

"ಇಲ್ಲ ಕಣಮ್ಮಿ."

ನಮ್ಮ ಮನೆಯಲ್ಲಿ ಎಲ್ಲ ಮಾತೂ ಹೀಗೇ. ಇವತ್ತು ಸೋಮವಾರ ಅಂದರೆ ಎದ್ದು ಹೋಗಿ ಕ್ಯಾಲೆಂಡರ್ ನೋಡಿ ಬರುವ ಮನುಷ್ಯ. ಹಾಲು ಉಕ್ಕುತ್ತಿದೆ ಅಂದರೆ ಒಲೆಯ ಹತ್ತಿರ ಬಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೌದೌದು ಅನ್ನುವವರು. ಉಪ್ಪಿನ ಮೇಲೆ ಅರ್ಧ ಗಂಟೆ ವಾದವಾಯಿತು. ಅದು ಮುಗಿದ ಮೇಲೆ, ತಟ್ಟೆ ತೊಳೆಯುವಾಗ ಹಿಂದೆ ಬಂದು ನಿಂತು, "ಆಯ್ತು, ಮಾರಾವು," ಅಂದರು. ಮುಖ ನೋಡಿದರೆ ನನಗೇ ಅಯ್ಯೋ ಅನ್ನಿಸಿತು. ಆದರೂ ಅಯ್ಯೋ ಅನ್ನಲಿಲ್ಲ.

ಫೋನಿನಲ್ಲಿ ಫೋಟೋ ಹಾಕಿ 'ಮಾರಾಟಕ್ಕಿದೆ' ಅಂತ ಬರೆದವಳು ನಾನೇ. ಕೆಳಗೆ 'ಯೋಗ್ಯರಿಗೆ ಮಾತ್ರ' ಅಂತ ಸೇರಿಸಬೇಕೆಂದು ಇವರ ಪಟ್ಟು. ಮಗಳನ್ನು ಕೊಡುವವರು ಕೂಡ ಇಷ್ಟು ಬಿಗಿ ಹಿಡಿಯುವುದಿಲ್ಲ. ಮೊದಲು ಹನೂರಿನ ಕಡೆಯವರೊಬ್ಬರು ಬಂದರು, ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವವರು. ಉಪ್ಪಿಟ್ಟು ಕೊಟ್ಟೆ.

"ಹೂವ ಹೆಂಗೆ ಅಂಟುಸ್ತೀರಿ?" ಅಂತ ಇವರು ಕೇಳಿದರು.

"ಟೇಪ್ ಹಾಕಿ ಅಂಟುಸ್ತೀವಿ ಸಾ."

"ನಮ್ ಕಾರ್ ಪೇಂಟ್ ಮೇಲೆ ಟೇಪಾ?" ಇವರು ಎದ್ದು ನಿಂತರು. ಆ ಸಂಬಂಧ ಅಲ್ಲಿಗೆ ಮುರಿಯಿತು. ಉಪ್ಪಿಟ್ಟು ಅರ್ಧದಲ್ಲಿ ಉಳಿಯಿತು.

ಆಮೇಲೆ ಬಂದವರು ಹೈವೇಯಲ್ಲಿ ಹೋಟೆಲ್ ಮಾಡುವವರು. ಕಾರನ್ನು ನಡುವಿಗೆ ಕತ್ತರಿಸಿ ಮುಂದಿನ ಭಾಗವನ್ನು ಗಲ್ಲಾಪೆಟ್ಟಿಗೆ ಮಾಡುತ್ತಾರಂತೆ, ಹಿಂದಿನ ಭಾಗದಲ್ಲಿ ಐಸ್‌ಕ್ರೀಂ ಇಡುತ್ತಾರಂತೆ. ಇವರ ಕೈಯಲ್ಲಿ ಸ್ಪ್ಯಾನರ್ ಇತ್ತು. ನಾನು ಮಧ್ಯೆ ಹೋಗಿ ಕಾಫಿ ಲೋಟ ಹಿಡಿಯದಿದ್ದರೆ ಆ ದಿನ ಏನು ಕತ್ತರಿಸಿಹೋಗುತ್ತಿತ್ತೋ.

ಮೂರನೆಯವರು ಮೈಸೂರಿನಿಂದ ಬಂದರು. ತಲೆಗೆ ಟೋಪಿ, ಮಾತಿಗೊಂದು 'ಮೇಡಂ', ಇಂಥ ಹಳೆ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿರುವವರು. ಬಾಗಿಲಲ್ಲೇ ನಿಂತು ಎದೆ ಮೇಲೆ ಕೈಯಿಟ್ಟುಕೊಂಡರು. "ಮೇಡಂ, ಇದು ನಿಜವಾದ ಮಸಲ್ ಕಾರು!" ತೋಳ್ಬಲದ ಕಾರು ಅಂತ ಅರ್ಥವಂತೆ. ಸ್ಟಾರ್ಟ್ ಆಗದ ದಿನಗಳಲ್ಲಿ ಅದನ್ನು ತಳ್ಳಿದ ನಮ್ಮ ಬೀದಿಯವರ ತೋಳನ್ನು ಆ ಟೋಪಿಯವರು ನೋಡಬೇಕಿತ್ತು. ಆದರೆ ಮನುಷ್ಯ ಒಳ್ಳೆಯವರು, ಸುಳ್ಳು ಹೇಳಬಾರದು. ಟೇಪ್ ಹಾಕುವುದಿಲ್ಲ, ಕತ್ತರಿಸುವುದಿಲ್ಲ, ಉಪ್ಪಿಟ್ಟು ಪೂರ್ತಿ ತಿಂದರು. ಸೀಟಿನ ರೇಷ್ಮೆ ಮುಟ್ಟಿ ನೋಡಿ, "ಚೆನ್ನಾಗಿದೆ, ಆದ್ರೆ ಒರಿಜಿನಲ್ ಅಲ್ಲ, ತೆಗೆಸ್ತೀನಿ," ಅಂದರು. ನಮ್ಮವರು ಆ ಸೀಟಿನ ಅಂಚನ್ನು ಒಂದು ಸಲ ಸವರಿ ಕಾರಿನ ಬಾಗಿಲು ಮುಚ್ಚಿದರು.

ಓಡಿಸಿ ನೋಡಬೇಕೆಂದರು. ಸತ್ತೇಗಾಲದ ಕಡೆ ಹೊರಟೆವು. ಸ್ಟಿಯರಿಂಗಿಗೆ ಅವರು, ಬಲಗಡೆ ಎಂದಿನಂತೆ ನಾನು, ಹಿಂದೆ ನಮ್ಮ ಯಜಮಾನರು. ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಇವರು ಕೂತದ್ದು ಅದೇ ಮೊದಲು. ಊರು ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಎರಡು ಟ್ರೈಲರು, ರಸ್ತೆಯಗಲಕ್ಕೂ ಕಬ್ಬು. ನಾನು ಅಭ್ಯಾಸದಂತೆ ಕತ್ತು ಚಾಚಿ ನೋಡಿದೆ. ತಿರುವಿನವರೆಗೂ ರಸ್ತೆ ಬರಿದಾಗಿತ್ತು.

"ಹೋಗಿ," ಅಂದೆ.

ಅವರು ಹೋಗಲಿಲ್ಲ. "ಪರವಾಗಿಲ್ಲ ಮೇಡಂ, ನಾನೇ ನೋಡ್ತೀನಿ," ಅಂದು ನನ್ನ ಕಡೆಗೆ ವಾಲಿ, ಕತ್ತು ನಿಗುರಿಸಿ, ಕಾಣದೆ ಮತ್ತೆ ನೆಟ್ಟಗೆ ಕೂತರು. ಕಬ್ಬಿನ ಗರಿ ಬಾನೆಟ್ಟಿಗೆ ತಾಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ರಸ್ತೆ ಬರಿದಾಯಿತು.

"ಹೋಗಿ ಸಾರ್, ಏನೂ ಇಲ್ಲ."

"ರಿಸ್ಕ್ ಬೇಡ ಮೇಡಂ. ಮುಂದಕ್ಕೆ ಇಲ್ಲಿಗೊಂದು ಕ್ಯಾಮೆರಾ ಹಾಕಿಸ್ತೀನಿ, ತೊಂದ್ರೆನೇ ಇರಲ್ಲ."

ಹಿಂದಿನಿಂದ ಇವರು ಸೀಟಿನ ಅಂಚು ಹಿಡಿದು ಮುಂದಕ್ಕೆ ಬಂದರು. ದನಿ ಏರಿತ್ತು. "ಅವ್ಳು ಹೋಗಿ ಅಂದ್ ಮೇಲೆ ಹೋಗಿ ಸಾ! ಇನ್ನೇನ್ ನೋಡಾದು ಅದ್ರಲ್ಲಿ? ನಾನು ಇಷ್ಟ್ ವರ್ಷ ಕಣ್ ಮುಚ್ಕಂಡು ಹೋಗಿವ್ನಿ!"

ನಾನು ತಿರುಗಿ ಇವರ ಮುಖ ನೋಡಿದೆ. ನಿಜವಾಗಿ ಸಿಟ್ಟು ಬಂದಿತ್ತು. ನನ್ನ ಮಾತನ್ನು ಒಬ್ಬರು ನಂಬಲಿಲ್ಲವಲ್ಲ ಅಂತ ಈ ಮನುಷ್ಯನಿಗೆ ಸಿಟ್ಟು! ಸೋಮವಾರವನ್ನು ನಂಬದವರು, ಉಪ್ಪನ್ನು ನಂಬದವರು, ನಾನು "ಹೋಗಿ" ಅಂದ ಮಾತ್ರಕ್ಕೆ ಕಾಣದ ರಸ್ತೆಗೆ ಇಷ್ಟು ವರ್ಷ ಕಾರು ನುಗ್ಗಿಸಿದ್ದರು. ಎದುರಿನಿಂದ ಲಾರಿ ಬಂದಿದ್ದರೆ ಮೊದಲು ಸಿಗುವವಳು ನಾನೇ ಆಗಿದ್ದೆ, ಅದು ಬೇರೆ ಮಾತು. ಆದರೂ ನನ್ನ ಜೀವನದಲ್ಲಿ ನನ್ನ ಒಂದು ಮಾತನ್ನು ಯಾರಾದರೂ ಇಷ್ಟು ಪೂರ್ತಿ ನಂಬಿದ್ದು ಆ ಸೀಟಿನಲ್ಲಿ ಕೂತಾಗ ಮಾತ್ರ. ಇದು ನನಗೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ, ಕಾರು ಮಾರುವ ದಿನ ಹೊಳೆಯಬೇಕೆ? ನನ್ನ ತಲೆಯನ್ನು ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು. ಸತ್ತೇಗಾಲದವರೆಗೂ ಆ ಟ್ರ್ಯಾಕ್ಟರಿನ ಹಿಂದೆಯೇ ಹೋದೆವು.

ಮನೆಗೆ ಬಂದ ಮೇಲೆ ಅವರು ಒಪ್ಪಿಗೆ ಅಂದರು. ನಾವು ಹೇಳಿದ ಬೆಲೆಗೆ ತಕರಾರಿಲ್ಲ, ಕಾಗದಪತ್ರಕ್ಕೂ ತಕರಾರಿಲ್ಲ. ಇವರು ಕೀಲಿ ಕೈಯಲ್ಲಿ ಹಿಡಿದು ಹಜಾರದಲ್ಲಿ ನಿಂತಿದ್ದರು. ಕೊಳ್ಳುವವರ ಕಡೆ ನೋಡಲಿಲ್ಲ, ಕಾರಿನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದರು.

"ನೀನೇ ಯೋಳು. ಕೊಡ್ಲಾ?"

ಅಟ್ಟದ ಮೇಲೆ ನನ್ನ ಮಗ್ಗವಿತ್ತು. ಕನ್ನಡಕದ ಹಿಂದೆ ನನ್ನ ಕಣ್ಣಿತ್ತು, ಇನ್ನೆಷ್ಟು ದಿನವೋ. ಬೇಡ ಅನ್ನಬೇಕು ಅಂತ ನಾಲಿಗೆಯವರೆಗೂ ಬಂತು. ಬೇಡ ಅಂದರೆ ಮತ್ತೆ ಧೂಳು ಒರೆಸುವ ಬಟ್ಟೆಯೇ ಗತಿ.

"ಕೊಡಿ," ಅಂದೆ.

ಕೊಟ್ಟೇಬಿಟ್ಟರು. ಯಾಕೆ ಅನ್ನಲಿಲ್ಲ, ಇನ್ನೊಂದು ಸಲ ಯೋಚನೆ ಮಾಡು ಅನ್ನಲಿಲ್ಲ. ಉಪ್ಪಿಗೆ ಅರ್ಧ ಗಂಟೆ ಜಗಳ ಆಡುವ ಗಂಡಸು, ಇದಕ್ಕೊಂದು ಗಳಿಗೆ ಜಗಳ ಆಡಬಾರದಿತ್ತೇ? ಒಂದು ಮಾತು ಎದುರಾಡಿದ್ದರೆ ನಾನೇ ಸೋತುಬಿಡುತ್ತಿದ್ದೆನೋ ಏನೋ. ಮರುದಿನ ಲಾರಿ ಬಂತು. ಬೀದಿಯವರೆಲ್ಲ ಸೇರಿ ತಳ್ಳಿ ಹತ್ತಿಸಿದರು, ಸ್ಟಾರ್ಟ್ ಆಗುವ ದಿನವಾಗಿದ್ದರೂ ತಳ್ಳಿಯೇ ಹತ್ತಿಸಿದರು.

ಆಮೇಲೆ ಇವರು ಗುಂಡಿಗಿಳಿದರು. ಎಣ್ಣೆ ಕುಡಿದ ಮಣ್ಣನ್ನು ಕೆರೆದು ಕೆರೆದು ಹೊರಗೆ ಹಾಕಿ, ಹೆಚ್ಚಿಗೆ ತೋಡಿದ್ದನ್ನು ಮುಚ್ಚಿ, ಕೆಮ್ಮಣ್ಣು ತುಂಬಿ ಗಟ್ಟಿ ಮಾಡಿ, ಸಗಣಿ ಸಾರಿಸಿದರು. ಅಷ್ಟಾದರೂ ರೇಷ್ಮೆಗೆ ವಾಸನೆ ಹಿಡಿದೀತೆಂದು ಬೇವಿನ ಸೊಪ್ಪಿನ ಹೊಗೆ ಹಾಕಿದರು. ಮಗ್ಗದ ಮರಗಳನ್ನು ಒಬ್ಬರೇ ಕೆಳಗಿಳಿಸಿ, ಒರೆಸಿ, ನಿಲ್ಲಿಸಿದರು. ನಾನು ಹೇಳಿದ್ದು ಯಾವುದನ್ನೂ ಕೇಳಲಿಲ್ಲ. ಎಲ್ಲದಕ್ಕೂ ವಾದ ಮಾಡಿದರು, ಎಲ್ಲವನ್ನೂ ತಮ್ಮಿಷ್ಟದಂತೆಯೇ ಮಾಡಿದರು, ಸರಿಯಾಗಿಯೇ ಮಾಡಿದರು.

ಹಾಸು ಕಟ್ಟಿದ ದಿನ ಕೂತೆ. ಕಾಲು ಗುಂಡಿಗಿಳಿಯಿತು, ಎಳೆ ಕಣ್ಣಿಗೆ ಸಿಕ್ಕಿತು, ಕೈ ಮರೆತಿರಲಿಲ್ಲ. ಬೀದಿಯ ಸದ್ದಿಗೆ ನನ್ನ ಸದ್ದೂ ಸೇರಿತು. ಬೇಕಾದದ್ದು ಸಿಕ್ಕಿತ್ತು, ಸಿಕ್ಕಿದ್ದು ನಿಜವಾಗಿಯೂ ಚೆನ್ನಾಗಿತ್ತು, ಆದರೂ ಎದೆಯೊಳಗೆ ಒಂದು ಕಡೆ ಖಾಲಿ ಖಾಲಿಯಾಗಿತ್ತು. ಆ ಖಾಲಿ ಯಾವುದೆಂದು ನನಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಇವರು ಕಾಫಿ ತಂದು ಮಗ್ಗದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತು ಲಾಳಿ ಓಡುವುದನ್ನೇ ನೋಡಿದರು.

"ಖುಸಿನೇನಮ್ಮಿ?"

"ಹೂಂ," ಅಂದೆ.

ಒಂದು ಸಲ ತಿರುಗಿ ನನ್ನ ಮುಖ ನೋಡಬಹುದಿತ್ತು. ನೋಡಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಎದ್ದು ಹೋದರು. ನಂಬಿಬಿಟ್ಟಿದ್ದರು.